ನಿಮಗಿದು ಗೊತ್ತೇ? ಹೆಸರು ವೃತ್ತಿಪರರಿಂದ, ಕಾಸು ಹವ್ಯಾಸಿಗಳಿಂದ!

ಕ್ಯಾಮೆರಾ ಕಂಪನಿಗಳಿಗೆ ಹಳೆಯದೊಂದು ಧರ್ಮಸಂಕಟ. ಫೋಟೋ ತೆಗೆದೇ ಹೊಟ್ಟೆ ಹೊರೆಯುವವರನ್ನು ಒಲಿಸಿಕೊಳ್ಳಬೇಕೋ, ನಾಮಕರಣ, ಪ್ರವಾಸ ಅಂದಾಗಷ್ಟೇ ಕ್ಯಾಮೆರಾ ಹೊರಗೆ ತೆಗೆಯುವವರನ್ನೋ?

● 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರಿದ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಗಳಿಗಾಗುವಷ್ಟು ಫಿಲ್ಮ್ ಮೊದಲೇ ತುಂಬಿರುತ್ತಿತ್ತು. ಬೆಲೆ 25 ಡಾಲರ್. ಫಿಲ್ಮ್ ಮುಗಿದರೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. 10 ಡಾಲರ್ ಕೊಟ್ಟರೆ ಪ್ರಿಂಟುಗಳ ಜೊತೆಗೆ ಹೊಸ ಫಿಲ್ಮ್ ತುಂಬಿದ ಕ್ಯಾಮೆರಾ ವಾಪಸ್ ಬರುತ್ತಿತ್ತು. 1900ರಲ್ಲಿ ಬಂದ ‘ಬ್ರೌನಿ’ಯ ಬೆಲೆಯಂತೂ 1 ಡಾಲರ್! ಕೊಡಾಕ್‌ಗೆ ಲಾಭ ಹುಟ್ಟುತ್ತಿದ್ದದ್ದು ಫಿಲ್ಮಿನಲ್ಲಿ.

● ಇಂದು ಬದ್ಧ ಪೈಪೋಟಿಗಾರರಾದ ಕ್ಯಾನನ್ ಮತ್ತು ನಿಕಾನ್ ಒಂದು ಕಾಲಕ್ಕೆ ನೆಂಟರು. 1930ರ ದಶಕದಲ್ಲಿ ಬಂದ ಕ್ಯಾನನ್‌ನ ಮೊದಮೊದಲ ಕ್ಯಾಮೆರಾಗಳಿಗೆ ಲೆನ್ಸ್ ಮಾಡಿಕೊಟ್ಟದ್ದು ಇದೇ ನಿಕಾನ್.

● ನಿಕಾನ್‌ಗೆ ಹೆಸರು ತಂದದ್ದು ಯುದ್ಧಭೂಮಿ. ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ 1950ರ ಕೊರಿಯಾ ಯುದ್ಧದ ಚಿತ್ರಗಳನ್ನು ನಿಕಾನ್ ಲೆನ್ಸುಗಳಲ್ಲಿ ತೆಗೆದರು. ಜಪಾನಿನ ಗಾಜಿನ ಗುಣಮಟ್ಟ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಮಾತಾಯಿತು. 1959ರ ‘ನಿಕಾನ್ ಎಫ್’ ಪತ್ರಿಕಾ ಛಾಯಾಗ್ರಾಹಕರ ಕೊರಳಿಗೇರಿತು.

● ಭಾರತದಲ್ಲಿ ಮನೆಮಾತಾದ ‘ಆಗ್ಫಾ ಕ್ಲಿಕ್ 3’ ಬರೋಡಾದಲ್ಲೇ ತಯಾರಾಗುತ್ತಿತ್ತು. ಬಿಸಿಲಿಗೊಂದು, ಮೋಡಕ್ಕೊಂದು ಸೆಟ್ಟಿಂಗ್. ‘120’ ಅಳತೆಯ ಫಿಲ್ಮಿನ ಒಂದು ರೋಲಿಗೆ 12 ಫೋಟೋ. ಎಣಿಸಿ ಎಣಿಸಿಯೇ ಕ್ಲಿಕ್ ಮಾಡಬೇಕು!

● 1976ರ ಕ್ಯಾನನ್ ಎಇ-1, ಮೈಕ್ರೊಪ್ರೊಸೆಸರ್ ಇದ್ದ ಮೊದಲ ಎಸ್‌ಎಲ್‌ಆರ್. ಶಟರ್ ವೇಗ ಇಟ್ಟರೆ ಸಾಕು, ಅಪರ್ಚರ್ ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಯಾಂತ್ರಿಕ ಬಿಡಿಭಾಗಗಳ ಕೆಲಸವನ್ನು ಎಲೆಕ್ಟ್ರಾನಿಕ್ಸ್ ವಹಿಸಿಕೊಂಡದ್ದರಿಂದ ಬೆಲೆಯೂ ಇಳಿಯಿತು. ಅಮೆರಿಕದಲ್ಲಿ ಟಿ.ವಿ. ಜಾಹೀರಾತು ಕೊಟ್ಟು ಮನೆಮಂದಿಗೆ ಮಾರಿದರು. ಲಕ್ಷಗಟ್ಟಲೆ ಕ್ಯಾಮೆರಾಗಳು ಮಾರಾಟವಾದವು.

● 1987ರಲ್ಲಿ ಕ್ಯಾನನ್ ತನ್ನ ಲೆನ್ಸ್ ಮೌಂಟನ್ನೇ ಬದಲಿಸಿತು. ಚೀಲದ ತುಂಬ ಹಳೆಯ ಲೆನ್ಸ್ ಇಟ್ಟುಕೊಂಡಿದ್ದ ವೃತ್ತಿಪರರು ಕೆಂಡವಾದರು, ಏಕೆಂದರೆ ಅವು ಹೊಸ ಕ್ಯಾಮೆರಾಗೆ ಕೂರುತ್ತಿರಲಿಲ್ಲ. ಆದರೆ ಹೊಸ ವ್ಯವಸ್ಥೆಯಲ್ಲಿ ಫೋಕಸ್ ಮೋಟಾರು ಲೆನ್ಸಿನೊಳಗೇ ಇತ್ತು. ಓಡುವ ಆಟಗಾರನನ್ನು ಹಿಡಿಯಲು ಅದು ಹೇಳಿ ಮಾಡಿಸಿದಂತಿತ್ತು. ಮುನಿದವರು ಕ್ರೀಡಾಂಗಣದ ಅಂಚಿಗೆ ಕ್ಯಾನನ್‌ನ ಬಿಳಿ ಲೆನ್ಸ್ ಹಿಡಿದು ಮರಳಿದರು.

● ಅಂದ ಹಾಗೆ, ಆ ಬಿಳಿ ಬಣ್ಣ ಬರೀ ಶೋಕಿಯಲ್ಲ. ದೊಡ್ಡ ಟೆಲಿಫೋಟೊ ಲೆನ್ಸುಗಳಲ್ಲಿರುವ ಫ್ಲೋರೈಟ್ ಹರಳು ಬಿಸಿಗೆ ಹಿಗ್ಗುತ್ತದೆ. ಬಿಳಿ ಮೈ ಬಿಸಿಲನ್ನು ಹಿಮ್ಮೆಟ್ಟಿಸುತ್ತದೆ.

● ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದರು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. 1991ರಲ್ಲಿ ಕೊಡಾಕ್ ವೃತ್ತಿಪರರಿಗೆ ಮಾರಿದ ಡಿಜಿಟಲ್ ಕ್ಯಾಮೆರಾದ ಒಡಲು ನಿಕಾನ್ ಎಫ್3. ಚಿತ್ರ ತುಂಬಿಡುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ಹಾಕಿಕೊಳ್ಳಬೇಕಿತ್ತು. 2003ರಲ್ಲಿ ಕ್ಯಾನನ್ 300ಡಿ ಬಂದಾಗ ಡಿಎಸ್‌ಎಲ್‌ಆರ್ ಬೆಲೆ ಮೊದಲ ಸಲ 1,000 ಡಾಲರಿಗಿಂತ ಕೆಳಗಿಳಿಯಿತು.

● ಕ್ಯಾನನ್, ನಿಕಾನ್, ಸೋನಿ ‘ಫುಲ್‌ಫ್ರೇಮ್’ ಸೆನ್ಸರಿಗಾಗಿ ಜಿದ್ದಿಗೆ ಬಿದ್ದರೆ ಫ್ಯೂಜಿಫಿಲ್ಮ್ ಆ ಅಂಕಣಕ್ಕೇ ಇಳಿಯಲಿಲ್ಲ. ಹವ್ಯಾಸಿಗಳಿಗೆ ಅದಕ್ಕಿಂತ ಚಿಕ್ಕ ಸೆನ್ಸರಿನ ಎಕ್ಸ್ ಸರಣಿ, ಸ್ಟುಡಿಯೋದವರಿಗೆ ದೊಡ್ಡ ಸೆನ್ಸರಿನ ಜಿಎಫ್‌ಎಕ್ಸ್. ಇನ್ನು ಮಕ್ಕಳ ಪಾರ್ಟಿಗೆ, ಸ್ಥಳದಲ್ಲೇ ಪ್ರಿಂಟ್ ಕೊಡುವ ಇನ್‌ಸ್ಟಾಕ್ಸ್!

● ಜಪಾನಿನ ಕ್ಯಾಮೆರಾ ಉದ್ಯಮ ಸಂಘದ ಲೆಕ್ಕದಂತೆ 2010ರಲ್ಲಿ ಕಂಪನಿಗಳು ರವಾನಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಮೊಬೈಲು ನುಂಗಿದ್ದು ಮುಖ್ಯವಾಗಿ ಜೇಬಿನ ಕಾಂಪ್ಯಾಕ್ಟುಗಳನ್ನು. ಹಾಗಾಗಿಯೇ ಕಂಪನಿಗಳು ಈಗ ದುಬಾರಿ ಕ್ಯಾಮೆರಾಗಳತ್ತ ವಾಲಿವೆ.

● 1969ರಲ್ಲಿ ಅಪೋಲೊ 11ರ ಜೊತೆ ಚಂದ್ರನಿಗೆ ಹೋದದ್ದು ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾ. 2012ರಲ್ಲಿ ಅದೇ ಕಂಪನಿ ಸೋನಿ ಕ್ಯಾಮೆರಾವೊಂದಕ್ಕೆ ಮರದ ಹಿಡಿಕೆ ಕೂರಿಸಿ, ‘ಲೂನಾರ್’ ಎಂದು ಕರೆದು, ಹಲವು ಪಟ್ಟು ಬೆಲೆ ಹೇಳಿ ನಗೆಪಾಟಲಾಯಿತು. ಆಮೇಲೆ ಹ್ಯಾಸಲ್‌ಬ್ಲಾಡ್ ಹೆಸರು ಜನಸಾಮಾನ್ಯರ ಕೈಗೂ ಸಿಕ್ಕಿತು. 2021ರಲ್ಲಿ ಅದು ಒನ್‌ಪ್ಲಸ್ ಮೊಬೈಲುಗಳ ಬೆನ್ನ ಮೇಲೆ ಕಾಣಿಸಿಕೊಂಡಿತು!