ಮನೆಯಲ್ಲಿ ಓದು-ಬರಹ: ಎರಡು ಲಿಪಿಗಳ ನಡುವಿನ ಮಗುವಿಗೆ ಪಾಲಕರ ನೆರವು

ಜಹೀರಾಬಾದ್, ನಾರಾಯಣಖೇಡ ಹಾಗೂ ತಾಂಡೂರು ಸೀಮೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಪಾಲಕರಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನಾಡುತ್ತಾರೆ, ಆದರೆ ಕನ್ನಡವನ್ನು ಓದಲಾರರು. ಕೆಲವರು ತೆಲುಗಿನಲ್ಲಿ ಕಲಿತವರು, ಕೆಲವರು ಉರ್ದುವಿನಲ್ಲಿ. ಶಾಲೆಯ ಮೆಟ್ಟಿಲನ್ನೇ ಹತ್ತದವರೂ ಇದ್ದಾರೆ. ನಮಗೇ ಬಾರದ ಅಕ್ಷರವನ್ನು ಮಗುವಿಗೆ ಹೇಗೆ ಕಲಿಸುವುದೆಂಬ ಅಳುಕಿನಿಂದ ಅವರು ಎಲ್ಲವನ್ನೂ ಶಾಲೆಗೇ ಬಿಟ್ಟುಬಿಡುತ್ತಾರೆ. ಮಗು ಐದನೆಯ ತರಗತಿಯಲ್ಲೂ ತಡವರಿಸಿದಾಗ ತಪ್ಪು ಮಾಧ್ಯಮದ ಮೇಲೆ ಬೀಳುತ್ತದೆ. ಮಗು ಬೇರೆ ಶಾಲೆಗೆ ಹೋಗುತ್ತದೆ, ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರು ಕಡಿಮೆಯಾಗುತ್ತದೆ.

1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯ ಪುನರ್ವಿಂಗಡಣೆಯಾದ ವರ್ಷವೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಇತ್ತ ತೆಲಂಗಾಣದ 2018ರ ಕಾಯ್ದೆಯು ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗನ್ನು ಕಡ್ಡಾಯಗೊಳಿಸಿದೆ. ಹೀಗಾಗಿ ನಮ್ಮ ಮಗು ಒಂದನ್ನೊಂದು ಹೋಲುವ ಎರಡು ಲಿಪಿಗಳನ್ನು ಏಕಕಾಲಕ್ಕೆ ಕಲಿಯಬೇಕಾಗಿದೆ. ಇದನ್ನು ಹೊರೆಯೆಂದು ತಿಳಿಯುವವರೇ ಹೆಚ್ಚು. ಆದರೆ ತೆಲುಗು ಓದಬಲ್ಲ ಪಾಲಕರಿಗೆ ಕನ್ನಡದ ಬಾಗಿಲು ಅರ್ಧ ತೆರೆದೇ ಇದೆ.

ಎರಡೂ ಲಿಪಿಗಳು ಒಂದೇ ಮೂಲದಿಂದ ಬಂದವು. ಗ, ದ, ಬ, ರ, ಲ ಮೊದಲಾದವು ತಲೆಕಟ್ಟಿನ ವ್ಯತ್ಯಾಸ ಬಿಟ್ಟರೆ ಬಹುತೇಕ ಒಂದೇ. ಕ, ತ, ಶ ಅಕ್ಷರಗಳು ಬೇರೆಯಾಗಿವೆ. ಮಗು ಎಡವುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ದೀರ್ಘ. ತೆಲುಗಿನಲ್ಲಿ ‘ಕೀ’, ‘ಕೇ’ಗಳ ದೀರ್ಘವು ಅಕ್ಷರದ ತಲೆಯ ಮೇಲೆಯೇ ಕೂಡಿಕೊಳ್ಳುತ್ತದೆ, ಕನ್ನಡದಲ್ಲಿ ಅದು ಬಲಕ್ಕೆ ಬೇರೆ ಗುರುತಾಗಿ ನಿಲ್ಲುತ್ತದೆ. ಆದ್ದರಿಂದ ಮಗು ಅದನ್ನು ಸುಲಭವಾಗಿ ಬಿಟ್ಟುಬಿಡುತ್ತದೆ, ‘ಬೇರೆ’ ಎಂಬುದು ‘ಬೆರೆ’ ಆಗುತ್ತದೆ. ಎರಡನೆಯದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿದರೂ ಅದರ ಗುರುತನ್ನು ‘ಯ’ದ ನಂತರ ಬರೆಯುತ್ತೇವೆ, ತೆಲುಗಿನವರು ರಕಾರವನ್ನು ಮೊದಲು ಬರೆದು ಅದರ ಕೆಳಗೆ ಯಕಾರದ ಒತ್ತು ಕೊಡುತ್ತಾರೆ. ಇಲ್ಲಿ ತಪ್ಪುವ ಮಗು ದಡ್ಡನಲ್ಲ, ಒಂದು ಲಿಪಿಯ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತಿದೆ. ಗದರಿಸದೆ ಎರಡನ್ನೂ ಅಕ್ಕಪಕ್ಕದಲ್ಲಿ ಬರೆಸಿರಿ. ಬರೆಯಲು ದುಬಾರಿ ಹಲಗೆ ಬೇಡ. ತಾಂಡೂರಿನ ಫರಸಿ ಹಾಸಿದ ನೆಲವಿದ್ದರೆ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದು.

ಅಕ್ಷರವೇ ಬಾರದ ತಾಯಂದಿರೂ ಆಡಿಸಬಹುದಾದ ಆಟವೊಂದಿದೆ. ಕನ್ನಡದ ಹಾಲು ತೆಲುಗಿನಲ್ಲಿ ಪಾಲು. ಹೂವು ಪುವ್ವು, ಹುಲಿ ಪುಲಿ, ಹಾವು ಪಾಮು, ಹಂದಿ ಪಂದಿ, ಹೆಸರು ಪೇರು. ಹಳಗನ್ನಡದಲ್ಲಿದ್ದ ಪಕಾರ ನಮ್ಮಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಉಳಿಯಿತು. ಇಂಥ ಜೋಡಿಗಳನ್ನು ಹುಡುಕಲು ಹಚ್ಚಿದರೆ ಮಗು ಪದದ ಮೊದಲ ಧ್ವನಿಯನ್ನು ಬಿಡಿಸಿ ಕೇಳಲು ಕಲಿಯುತ್ತದೆ. ಓದಿಗೆ ಅದೇ ತಳಪಾಯ.

ಮನೆಮಾತಿನ ಬಗೆಗೂ ಒಂದು ಮಾತು ಹೇಳಬೇಕು. ನಾವು ‘ಮನ್ಯಾಗ’, ‘ಹೊಂಟಾನ’ ಎನ್ನುತ್ತೇವೆ. ಪುಸ್ತಕವು ‘ಮನೆಯಲ್ಲಿ’, ‘ಹೊರಟಿದ್ದಾನೆ’ ಎನ್ನುತ್ತದೆ. ಮಗು ಮನೆಮಾತಿನಲ್ಲಿ ಬರೆದರೆ ಅದನ್ನು ಅಶುದ್ಧವೆಂದು ಹೊಡೆದುಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದರ ಮುಂದೆ ಪುಸ್ತಕದ ರೂಪವನ್ನೂ ಬರೆಯಲಿ.

ದಿನಕ್ಕೆ ಹದಿನೈದು ನಿಮಿಷ ಸಾಕು, ದಿನವೂ ಇರಬೇಕು ಅಷ್ಟೇ. ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿರಿ. ಓದು ಬಾರದವರೂ ‘ಆಮೇಲೇನಾಯಿತು?’ ಎಂದು ಕೇಳಬಲ್ಲರು. ಮಗು ಹೇಳುವ ಉತ್ತರದಲ್ಲಿ ಅದಕ್ಕೆ ಅರ್ಥವಾಗಿದೆಯೋ ಇಲ್ಲವೋ ತಿಳಿದುಹೋಗುತ್ತದೆ. ಅಜ್ಜಿಗೆ ಬಾಯಿಪಾಠವಿರುವ ವಚನವೊಂದಿದ್ದರೆ ಅವರು ಹೇಳುತ್ತಿರುವಂತೆ ಮಗು ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟು ಸಾಗಲಿ. ಕಿರಾಣಿ ಚೀಟಿ, ತೊಗರಿ ಮಾರಿದ ಲೆಕ್ಕ, ಸೇಡಂ ಅಥವಾ ಔರಾದಿನ ಅತ್ತೆಗೆ ಎರಡು ಸಾಲಿನ ಸಂದೇಶ, ಇವನ್ನೆಲ್ಲ ನೀವು ಹೇಳಿರಿ, ಮಗು ಬರೆಯಲಿ. ಬೀದರ ಕಡೆಯ ಬಂಧುಗಳಿಂದ ಬಂದ ಲಗ್ನಪತ್ರಿಕೆ, ಕರ್ನಾಟಕದ ಬಸ್ಸಿನ ಫಲಕ, ಹಳೆಯ ದಿನಪತ್ರಿಕೆ ಎಲ್ಲವೂ ಓದುವ ಸಾಮಗ್ರಿಯೇ. ಮೊಬೈಲಿನಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣವು ಮಕ್ಕಳ ಕಥೆಗಳನ್ನು ಉಚಿತವಾಗಿ ಕೊಡುತ್ತದೆ. ಹಲವು ಕಥೆಗಳು ಕನ್ನಡ, ತೆಲುಗು ಎರಡರಲ್ಲೂ ಇವೆ. ತಂದೆ ತೆಲುಗಿನಲ್ಲಿ ಓದಲಿ, ಮಗಳು ಅದೇ ಕಥೆಯನ್ನು ಕನ್ನಡದಲ್ಲಿ ಓದಿ ಹೇಳಲಿ.

ಶಾಲೆಯ ಪಾಲಕರ ಸಭೆಗೆ ಹೋದಾಗ ಅಂಕಗಳನ್ನಷ್ಟೇ ಕೇಳಬೇಡಿರಿ. ಯಾವ ಅಕ್ಷರಗಳಲ್ಲಿ, ಯಾವ ಒತ್ತಿನಲ್ಲಿ ಮಗು ತಡವರಿಸುತ್ತಿದೆಯೆಂದು ಗುರುಗಳಿಂದ ತಿಳಿದುಕೊಳ್ಳಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ವಿಧಿಸಿದೆ. ನಿಮ್ಮ ಊರಿನ ಶಾಲೆಯ ಕಪಾಟಿನಲ್ಲಿ ಕನ್ನಡ ಕಥೆಪುಸ್ತಕಗಳು ಎಷ್ಟಿವೆ, ವಾರಕ್ಕೊಂದನ್ನು ಮಗು ಮನೆಗೆ ತರಬಹುದೇ ಎಂದು ಮುಂದಿನ ಸಭೆಯಲ್ಲಿ ಕೇಳಿರಿ.