ಮಾಲೀಸು ನಾಯಿಗೆ, ಗುಣ ಯಾರ ಕಣ್ಣಿಗೆ?

ರಾಜಾಜಿನಗರದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಲ್ಯಾಬ್ರಡಾರ್‌ಗೆ ಸ್ಕೂಟರ್ ಬಡಿದು ಹಿಂಗಾಲು ಮುರಿದಿತ್ತು. ಆಪರೇಷನ್ ಆಯಿತು, ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ. ಆದರೂ ಕುಂಟುವುದು ನಿಂತಿಲ್ಲ. ಮೆತ್ತಗೆ ಕೈಯಾಡಿಸಿ ಗುಣಪಡಿಸುವವರೊಬ್ಬರು ಮನೆಗೇ ಬರುತ್ತಿದ್ದಾರೆ. ಪೆಟ್ಟಾಗಿದ್ದು ಕಾಲಿಗೆ, ಅವರು ನೀವುವುದು ಕುತ್ತಿಗೆ, ಭುಜ. ಇದರಲ್ಲಿ ವಿಜ್ಞಾನ ಎಷ್ಟು, ಮಾತು ಎಷ್ಟು?"

ಭುಜದ ಮಾತನ್ನೇ ಮೊದಲು ನೋಡೋಣ. ಆ ವಿಷಯದಲ್ಲಿ ಮಾಲೀಸಿನವರು ಸರಿಯಾಗಿಯೇ ಇದ್ದಾರೆ.

ನಮ್ಮ ತೋಳು ಮುಂಡಕ್ಕೆ ಅಂಟಿಕೊಂಡಿರುವುದು ಕೊರಳೆಲುಬಿನ ಮೂಲಕ. ನಾಯಿಗೆ ಲೆಕ್ಕಕ್ಕೆ ಬರುವಂಥ ಕೊರಳೆಲುಬು ಇಲ್ಲ. ಅದರ ಮುಂಗಾಲಿಗೂ ಬೆನ್ನುಮೂಳೆಗೂ ನಡುವೆ ಒಂದೇ ಒಂದು ಮೂಳೆಯ ಕೀಲೂ ಇಲ್ಲ. ಎಲ್ಲ ಮಾಂಸಖಂಡದ ಹಿಡಿತ. ಹಳೆಯ ಸೀರೆಯಲ್ಲಿ ಮಗುವಿಗೆ ಕಟ್ಟುವ ಜೋಲಿ ಹೇಗಿರುತ್ತದೋ ಹಾಗೆ, ಎರಡು ಭುಜದ ಎಲುಬುಗಳ ನಡುವೆ ನಾಯಿಯ ಎದೆಗೂಡು ತೂಗುಬಿದ್ದಿದೆ. ಮಗು ನಟ್ಟನಡುವೆ ಮಲಗಿದ್ದರೆ ಬಟ್ಟೆಯ ಎಳೆತ ಎರಡೂ ಕಡೆ ಸಮ. ಮಗು ಒಂದು ಮಗ್ಗುಲಿಗೆ ಹೊರಳಿದರೆ ಆ ಕಡೆ ಬಟ್ಟೆ ಬಿಗಿಯುತ್ತದೆ, ಈ ಕಡೆ ಸುಕ್ಕುಗಟ್ಟಿ ಜೋಲುತ್ತದೆ. ದಿನವೂ ಹೀಗೇ ಮಲಗಿಸುತ್ತಾ ಹೋದರೆ ಸೀರೆ ಮೊದಲು ಹರಿಯುವುದು ಮಗು ಮಲಗಿದಲ್ಲಿ ಅಲ್ಲ, ಮೇಲೆ ಗಂಟು ಉಜ್ಜುವಲ್ಲಿ. ಭಾರ ಇರುವ ಜಾಗ ಒಂದು, ಸವೆಯುವ ಜಾಗ ಇನ್ನೊಂದು.

ನಿಂತ ನಾಯಿಯ ತೂಕದಲ್ಲಿ ನೂರಕ್ಕೆ 60 ಪಾಲು ಮುಂಗಾಲುಗಳ ಮೇಲೆ, 40 ಹಿಂಗಾಲುಗಳ ಮೇಲೆ ಇರುತ್ತದೆ. 30 ಕಿಲೋ ಲ್ಯಾಬ್ರಡಾರ್ ಆದರೆ ಮುಂದೆ 18, ಹಿಂದೆ 12. ಒಂದು ಹಿಂಗಾಲು ನೋಯುತ್ತಿದ್ದರೆ ನಾಯಿ ತಲೆಯನ್ನು ತಗ್ಗಿಸಿ, ಕುತ್ತಿಗೆಯನ್ನು ಮುಂದಕ್ಕೆ ಚಾಚಿ ಭಾರವನ್ನು ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಜೋಲಿ ಆಗಲೇ ಬಿಗಿಯುವುದು. ಕಾಲಿನ ಮೂಳೆ ಎರಡು ಮೂರು ತಿಂಗಳಲ್ಲಿ ಕೂಡಿಕೊಂಡರೂ ಅಷ್ಟು ದಿನ ಬೇರೆಯವರ ಪಾಲಿನ ಕೆಲಸವನ್ನೂ ಮಾಡಿದ ಭುಜದ ಮಾಂಸಖಂಡಗಳು ಸೆಟೆದುಕೊಂಡಿರುತ್ತವೆ, ಕೆಲಸವಿಲ್ಲದೆ ಕೂತ ತೊಡೆ ಸೊರಗಿರುತ್ತದೆ. ಎರಡೂ ತೊಡೆಗಳನ್ನು ಒಟ್ಟಿಗೆ ಹಿಡಿದು ನೋಡಿ, ವ್ಯತ್ಯಾಸ ಅಂಗೈಗೇ ಗೊತ್ತಾಗುತ್ತದೆ.

ನಮ್ಮ ಮನೆಗಳೂ ಇದಕ್ಕೆ ತಮ್ಮ ಕೊಡುಗೆ ಕೊಡುತ್ತವೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮಹಡಿಯ ಮೇಲೆ ಮಹಡಿ, ಕಡಿದಾದ ಮೆಟ್ಟಿಲು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸು. ಕುಂಟುವ ನಾಯಿ ಆ ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಉಗುರೂರಿ ಮೈ ಬಿಗಿಹಿಡಿಯುತ್ತದೆ. ಮಾಲೀಸಿಗೆ ದುಡ್ಡು ಎತ್ತಿಡುವ ಮುಂಚೆ ಅದು ಓಡಾಡುವ ದಾರಿಗೆ ರಬ್ಬರ್ ಚಾಪೆ ಹಾಸಿ ಎಂಬುದು ನನ್ನ ಸಲಹೆ. ಗಂಟೆಗಟ್ಟಲೆ ನೀವಿ ಸಡಿಲಿಸಿದ್ದು ಟೈಲ್ಸಿನ ಮೇಲೆ ಒಂದು ಸಲ ಜಾರಿದರೆ ಮತ್ತೆ ಬಿಗಿಯುತ್ತದೆ.

ಇನ್ನು, ಮೆತ್ತಗೆ ಮುಟ್ಟಿದ ಮಾತ್ರಕ್ಕೆ ನೋವು ತಗ್ಗುತ್ತದೆಯೇ? ಈ ಪ್ರಶ್ನೆಯ ಚರಿತ್ರೆಯಲ್ಲೂ ನಾಯಿಗಳೇ ಇವೆ. 1950ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಎಂಬ ಮನೋವಿಜ್ಞಾನಿಯ ಬಳಿ ರೊನಾಲ್ಡ್ ಮೆಲ್ಜಾಕ್ ಎಂಬ ವಿದ್ಯಾರ್ಥಿ ಇದ್ದ. ಅಲ್ಲಿ ಸ್ಕಾಟಿಷ್ ಟೆರಿಯರ್ ಮರಿಗಳನ್ನು ಹೊರಗಿನ ಒಡನಾಟವೇ ಇಲ್ಲದಂತೆ ಮುಚ್ಚಿದ ಗೂಡುಗಳಲ್ಲಿ ಬೆಳೆಸುತ್ತಿದ್ದರು. ಇವತ್ತು ಅಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಒಪ್ಪಲೂ ಬಾರದು. ಬೆಳೆದ ಮೇಲೆ ಹೊರಗೆ ಬಿಟ್ಟಾಗ ಆ ನಾಯಿಗಳು ಉರಿಯುವ ಬೆಂಕಿಕಡ್ಡಿಗೆ ಮೂಗು ತಾಗಿಸುತ್ತಿದ್ದವು. ಸುಟ್ಟರೂ ಮತ್ತೆ ಹೋಗಿ ಮೂಸುತ್ತಿದ್ದವು. ಮೂಗಿನ ನರಗಳಿಗೆ ಯಾವ ಊನವೂ ಇರಲಿಲ್ಲ. ಮೆಲ್ಜಾಕ್ ಮತ್ತು ಅವನ ಸಹಸಂಶೋಧಕ ಸ್ಕಾಟ್ 1957ರಲ್ಲಿ ಇದನ್ನು ಪ್ರಕಟಿಸಿದರು. ಗಾಯದಿಂದ ಮಿದುಳಿಗೆ ನೇರ ತಂತಿ ಎಳೆದಿದೆ, ಗಾಯದಷ್ಟೇ ನೋವು ಎಂಬ ಅಂದಿನ ನಂಬಿಕೆ ಮೆಲ್ಜಾಕ್‌ನ ಮನಸ್ಸಿನಲ್ಲಿ ಅಲ್ಲೇ ಅಲ್ಲಾಡಿತು.

1965ರಲ್ಲಿ ಅವನೂ ಪ್ಯಾಟ್ರಿಕ್ ವಾಲ್ ಎಂಬ ನರವಿಜ್ಞಾನಿಯೂ ಸೇರಿ 'ಸೈನ್ಸ್' ಪತ್ರಿಕೆಯಲ್ಲಿ 'ಗೇಟ್ ಕಂಟ್ರೋಲ್' ಸಿದ್ಧಾಂತ ಬರೆದರು. ಸ್ಪರ್ಶದ ಸುದ್ದಿ ತರುವ ದಪ್ಪ ನರತಂತುಗಳು, ನೋವಿನ ಸುದ್ದಿ ತರುವ ತೆಳ್ಳನೆಯ ತಂತುಗಳು, ಎರಡೂ ಬೆನ್ನುಹುರಿಯಲ್ಲಿ ಒಂದೆಡೆ ಸೇರುತ್ತವೆ. ಅದೇ ಗೇಟು. ಸ್ಪರ್ಶದ ಸುದ್ದಿ ಜೋರಾಗಿದ್ದರೆ ನೋವಿನ ಸುದ್ದಿ ಅಲ್ಲಿಯೇ ಅಡಗುತ್ತದೆ, ಮೇಲಕ್ಕೆ ಪೂರ್ತಿ ತಲುಪುವುದಿಲ್ಲ. ಎಡವಿದ ಹೆಬ್ಬೆರಳನ್ನು ನಾವು ತಕ್ಷಣ ಉಜ್ಜಿಕೊಳ್ಳುವುದು ಇದಕ್ಕೇ. ಮಿದುಳು ಕೂಡ ಮೇಲಿನಿಂದ ಆಜ್ಞೆ ಕಳಿಸಿ ಆ ಗೇಟನ್ನು ಮುಚ್ಚಬಲ್ಲದು, ತೆರೆಯಬಲ್ಲದು. ಅವರು ಬರೆದಿದ್ದ ನರಜಾಲದ ನಕ್ಷೆಯನ್ನು ಮುಂದಿನವರು ಸಾಕಷ್ಟು ತಿದ್ದಿದರು. ಮೂಲ ವಿಚಾರ ಉಳಿಯಿತು.

ನೇವರಿಕೆಯದ್ದು ಬೇರೆಯೇ ದಾರಿ. ಸ್ವೀಡನ್ನಿನ ನರವಿಜ್ಞಾನಿ ಇಂಗ್ವೆ ಜೋಟರ್‌ಮನ್ 1939ರಲ್ಲಿ ಬೆಕ್ಕಿನ ಚರ್ಮದಲ್ಲಿ ಒಂದು ವಿಚಿತ್ರ ನರತಂತು ಕಂಡ. ಅದು ಸೆಕೆಂಡಿಗೆ ಮೀಟರ್ ಆಸುಪಾಸಿನ ಆಮೆವೇಗದ ತಂತುಗಳ ಜಾತಿಯದು. ಆ ಜಾತಿಗೆ ನೋವು, ಬಿಸಿ, ತಂಪು ಸಾಗಿಸುವುದಷ್ಟೇ ಕೆಲಸ ಎಂದು ತಿಳಿದಿದ್ದರು. ಇದು ಮಾತ್ರ ಮೆತ್ತನೆಯ ಸವರಿಕೆಗೆ ಮಿಡಿಯುತ್ತಿತ್ತು. ಮನುಷ್ಯನ ಚರ್ಮದಲ್ಲೂ ಅವು ಇವೆ ಎಂದು ಖಚಿತವಾಗಲು ಅರ್ಧ ಶತಮಾನ ಬೇಕಾಯಿತು. 2009ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡ ಮೃದುವಾದ ಬ್ರಷ್‌ನಿಂದ ಬೇರೆ ಬೇರೆ ವೇಗದಲ್ಲಿ ತೋಳು ಸವರಿ ಅಳೆಯಿತು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ಸರಿಯುವ ಸವರಿಕೆಗೆ ಈ ತಂತುಗಳು ಚೆನ್ನಾಗಿ ಮಿಡಿದವು, ಜನ ಹಿತವೆಂದು ಹೇಳಿದ್ದೂ ಅದೇ ವೇಗವನ್ನು. ಗಮನಿಸಿ, ಎಂಥ ನಿಧಾನ ಅದು. ನಾವು ನಾಯಿಯ ತಲೆ ಮೇಲೆ ಪಟಪಟ ತಟ್ಟುತ್ತೇವಲ್ಲ, ಅದು ಈ ಲೆಕ್ಕಕ್ಕೆ ಸೇರುವುದಿಲ್ಲ.

ಇಷ್ಟು ನರವಿಜ್ಞಾನ ಕೈಯಲ್ಲಿರುವಾಗ ಕೆಲವು ಮಾಲೀಸಿನವರಿಗೆ 'ಶಕ್ತಿ ಹರಿಸುತ್ತೇವೆ' ಎನ್ನುವ ಅಗತ್ಯವೇನು ಎಂಬುದು ನನಗೆ ಅರ್ಥವಾಗದ ಸಂಗತಿ. ನಾಯಿಗಳಿಗೆ ಕೈಯಾಡಿಸುವ ಹೆಸರಾಂತ ಪದ್ಧತಿಗಳ ಮೂಲ ಹುಡುಕಿದರೆ ಪ್ರಯೋಗಾಲಯಕ್ಕಿಂತ ವ್ಯಕ್ತಿಗಳ ಕತೆಯೇ ಹೆಚ್ಚು ಸಿಗುತ್ತದೆ. ಮೋಶೆ ಫೆಲ್ಡನ್‌ಕ್ರೈಸ್ ಪ್ಯಾರಿಸ್ಸಿನಲ್ಲಿ ವಿಜ್ಞಾನಿ ಜೋಲಿಯೋ-ಕ್ಯೂರಿಯ ಪ್ರಯೋಗಾಲಯದಲ್ಲಿ ದುಡಿದ ಎಂಜಿನಿಯರ್, ಜೂಡೋಪಟು. ತನ್ನದೇ ಮಂಡಿನೋವಿನ ಜತೆ ಗುದ್ದಾಡುತ್ತಾ ಅಂಗಚಲನೆಯ ಒಂದು ಪದ್ಧತಿ ಕಟ್ಟಿದ. ಕುದುರೆ ಪಳಗಿಸುತ್ತಿದ್ದ ಲಿಂಡಾ ಟೆಲ್ಲಿಂಗ್ಟನ್-ಜೋನ್ಸ್ 1970ರ ದಶಕದಲ್ಲಿ ಅವನ ಬಳಿ ಕಲಿತು, ಬೆರಳ ತುದಿಯಿಂದ ಚರ್ಮವನ್ನು ಒಂದೂಕಾಲು ಸುತ್ತು ತಿರುಗಿಸುವ 'ಟಿ-ಟಚ್' ಕ್ರಮವನ್ನು ಪ್ರಾಣಿಗಳಿಗೆ ತಂದಳು. ಆಸ್ಟ್ರೇಲಿಯಾದ ಜೀಲಾಂಗ್ ಊರಿನ ಟಾಮ್ ಬೋವೆನ್‌ನದು ಇನ್ನೊಂದು ಬಗೆ: ನಾಲ್ಕಾರು ಸಲ ಮೆತ್ತಗೆ ಸರಿಸು, ಕೆಲವು ನಿಮಿಷ ಕೈ ತೆಗೆದು ಸುಮ್ಮನಿರು, ಮತ್ತೆ ಸರಿಸು. 2015ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರ್ಯಾಯ ಚಿಕಿತ್ಸೆಗಳನ್ನು ಜರಡಿ ಹಿಡಿದಾಗ, ಫಲ ಕೊಡುತ್ತವೆ ಎನ್ನಲು ಸ್ಪಷ್ಟ ಪುರಾವೆ ಸಿಗದ ಪಟ್ಟಿಯಲ್ಲಿ ಬೋವೆನ್, ಫೆಲ್ಡನ್‌ಕ್ರೈಸ್ ಎರಡೂ ಇದ್ದವು. ಅದು ಮನುಷ್ಯರ ಮಾತು. ಪ್ರಾಣಿಗಳ ಮೇಲೆ ನಡೆದ ಮಾಲೀಸು, ನೀಟುವಿಕೆಯ ಅಧ್ಯಯನಗಳನ್ನೆಲ್ಲ ಸ್ವೀಡನ್, ಫಿನ್ಲೆಂಡಿನ ಸಂಶೋಧಕರು 2022ರಲ್ಲಿ ಒಟ್ಟುಹಾಕಿ ನೋಡಿದರು. ಅಧ್ಯಯನಗಳೇ ಕಡಿಮೆ, ಇರುವವುಗಳ ಗುಣಮಟ್ಟವೂ ಅಷ್ಟಕ್ಕಷ್ಟೆ.

ನಮ್ಮಲ್ಲಿ ಇದಕ್ಕೆ ಪ್ರಾಚೀನತೆಯ ಮೆರುಗು ಹಚ್ಚುವವರೂ ಬರಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ನಾಯಿಗಳದ್ದೇ ಒಂದು 'ವಿನೋದ' ಎಂಬ ಅಧ್ಯಾಯ ಇದೆ, ಪಾದಾಭ್ಯಂಗವೂ ಇದೆ. ಆದರೆ ಕಾಲು ಒತ್ತಿಸಿಕೊಳ್ಳುವುದು ದೊರೆ, ಬೇಟೆಗೆ ಓಡುವುದು ನಾಯಿ.

ಮೆತ್ತಗೆ ನೀವುವುದಕ್ಕಿಂತ ಕೀಲುಗಳನ್ನು ಮಡಿಸಿ ನೀಟುವ ವ್ಯಾಯಾಮಕ್ಕೆ ಒಂದಿಷ್ಟು ಗಟ್ಟಿ ಅಂಕಿ ಇದೆ. 2007ರಲ್ಲಿ ಬ್ರಿಟನ್ನಿನಲ್ಲಿ ಸಂಧಿವಾತದ 10 ಲ್ಯಾಬ್ರಡಾರ್‌ಗಳ ಮನೆಯವರಿಗೇ ಹೇಳಿಕೊಟ್ಟು ದಿನಕ್ಕೆ ಎರಡು ಸಲದಂತೆ 21 ದಿನ ಮಾಡಿಸಿದರು. ಕೀಲು ಮಡಿಸುವ, ಚಾಚುವ ವ್ಯಾಪ್ತಿ ನೂರಕ್ಕೆ 7ರಿಂದ 23ರಷ್ಟು ಹೆಚ್ಚಿತು. ನಾಯಿಗಳ ಸಂಖ್ಯೆ ಸಣ್ಣದು ನಿಜ, ಆದರೆ ಅಳೆದದ್ದು ಕೋನಮಾಪಕ. ಮನೆಯವರ ಮಾತಲ್ಲ.

ಮನೆಯವರ ಮಾತು ಎಂದೆನಲ್ಲ, ನಿಜವಾದ ತೊಡಕಿರುವುದು ಅಲ್ಲಿ. ಅದೇ ಮೆಲ್ಜಾಕ್ 1975ರಲ್ಲಿ ರೋಗಿಯ ಬಾಯಿಂದಲೇ ನೋವಿನ ಬಗೆ ತಿಳಿಯುವ ಪ್ರಶ್ನಾವಳಿ ರೂಪಿಸಿದ. ಚುಚ್ಚುತ್ತದೆಯೋ, ಉರಿಯುತ್ತದೆಯೋ, ಸಿಡಿಯುತ್ತದೆಯೋ ಎಂದು ಮನುಷ್ಯ ಆರಿಸಿ ಹೇಳುತ್ತಾನೆ. ಪಶುವೈದ್ಯರೂ ಮುಂದೆ ನಾಯಿಗಳಿಗೆ ಇಂಥವನ್ನು ಮಾಡಿಕೊಂಡರು. ದೀರ್ಘಕಾಲದ ನೋವಿನ ಪ್ರಶ್ನಾವಳಿಗಳಲ್ಲಿ ಉತ್ತರ ತುಂಬುವವರು ನಾಯಿಯ ಮನೆಯವರು. ಅಮೆರಿಕದ ಸಂಶೋಧಕರಾದ ಕಾನ್ಜೆಮಿಯಸ್ ಮತ್ತು ಇವಾನ್ಸ್ 2012ರಲ್ಲಿ ಸಂಧಿವಾತದಿಂದ ಕುಂಟುವ 58 ನಾಯಿಗಳ ದಾಖಲೆ ತೆಗೆದು ನೋಡಿದರು. ಔಷಧ ಪರೀಕ್ಷೆಯೊಂದರಲ್ಲಿ ಇವಕ್ಕೆ ಸಿಕ್ಕಿದ್ದು ಬರೀ ಹುಸಿಗುಳಿಗೆ. ಪ್ರತಿ ಕಾಲು ನೆಲಕ್ಕೆ ಎಷ್ಟು ಭಾರ ಕೊಡುತ್ತಿದೆ ಎಂಬುದನ್ನು ನೆಲಕ್ಕೆ ಕೂರಿಸಿದ ಅಳತೆಹಲಗೆಯಿಂದ ಅಳೆದಿದ್ದರು. ಹಲಗೆ ಹೇಳದ ಸುಧಾರಣೆಯನ್ನು ಮನೆಯವರು ನೂರಕ್ಕೆ ಸುಮಾರು 40 ಸಲ ಕಂಡಿದ್ದರು. ಪಶುವೈದ್ಯರು? ಅವರೂ 40ರಿಂದ 45 ಸಲ. ಓದಿದವರ ಕಣ್ಣೂ ಆಸೆಯ ಕಣ್ಣೇ.

ನಾಯಿಗೆ ಗುಳಿಗೆಯ ಮೇಲೆ ನಂಬಿಕೆ ಇಲ್ಲ, ಅದಕ್ಕೆ ಹುಸಿ ಪರಿಣಾಮ ಆಗಲಾರದು ಎಂದು ಮಾಲೀಸಿನ ಪರ ವಾದಿಸುವವರು ಮರೆಯುವುದು ಇದನ್ನೇ. ದುಡ್ಡು ಕೊಟ್ಟು, ಕರೆಸಿ, ಪಕ್ಕದಲ್ಲಿ ಕೂತು ನೋಡಿದವರ ಕಣ್ಣಿಗೆ ನಾಯಿ ನೆಟ್ಟಗೆ ನಡೆದೇ ನಡೆಯುತ್ತದೆ. ನೀವಿದಾಗ ಹಿತವಾಗಿ ನಿದ್ದೆ ಹೋಯಿತು ಎಂಬುದು ಸುಳ್ಳಲ್ಲ. ಹಿತವಾಗುವುದೂ ಕಾಲು ಊರುವುದೂ ಬೇರೆ ಬೇರೆ.

ಹಾಗಂತ ಕೈ ಇಡಲೇಬೇಡಿ ಎನ್ನುವುದಿಲ್ಲ. ನಿಧಾನವಾಗಿ, ಅಂಗೈ ಪೂರ್ತಿ ಊರಿ, ನೋವಿಲ್ಲದ ಕಡೆಯಿಂದ ಶುರುಮಾಡಿ. ನಾಯಿ ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ಕೈ ತೆಗೆಯಿರಿ. ದಿನವೂ ಮುಟ್ಟುವ ಕೈಗೆ ಹೊಸ ಗಂಟು, ಬಿಸಿ, ಊತ ಎಲ್ಲರಿಗಿಂತ ಮೊದಲು ಸಿಗುತ್ತದೆ. ನನ್ನ ಮಟ್ಟಿಗೆ ಮಾಲೀಸಿನ ದೊಡ್ಡ ಲಾಭ ಇದೇ. ಬೇಡವಾದ ಸಂದರ್ಭಗಳೂ ಇವೆ. ಉಣ್ಣಿ ಕಚ್ಚಿ ಬರುವ ಜ್ವರ ಬೆಂಗಳೂರಿನ ನಾಯಿಗಳಿಗೆ ಸಾಮಾನ್ಯ. ಅದರಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದಿದ್ದರೆ ಒತ್ತಿದಲ್ಲೆಲ್ಲ ಚರ್ಮದೊಳಗೆ ರಕ್ತ ಸೋರುತ್ತದೆ. ಹಿಂಗಾಲು ಇದ್ದಕ್ಕಿದ್ದಂತೆ ಎಳೆದಾಡಲು ಶುರುವಾದರೆ ಬೆನ್ನುಹುರಿಗೆ ಪೆಟ್ಟಾಗಿರಬಹುದು, ಅದು ಆಸ್ಪತ್ರೆಯ ಕೆಲಸ. ಊರ ತುಂಬ 'ಪುತ್ತೂರು ಕಟ್ಟು' ಬೋರ್ಡುಗಳಿವೆಯೆಂದು ನಾಯಿಯನ್ನು ಉಳುಕು ತೆಗೆಯುವವರ ಬಳಿ ಒಯ್ಯಬೇಡಿ. ನಮ್ಮ ನೋವಿನ ಮುಲಾಮುಗಳನ್ನಂತೂ ಹಚ್ಚಲೇಬೇಡಿ. ನಾಯಿ ನೆಕ್ಕುತ್ತದೆ, ಮುಲಾಮಿನೊಳಗಿನ ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್ ಅದರ ಹೊಟ್ಟೆ, ಮೂತ್ರಪಿಂಡಗಳಿಗೆ ವಿಷ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ರೋಗ ಗುರುತಿಸಿ ಚಿಕಿತ್ಸೆ ಕೊಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಆದ್ದರಿಂದ ಮೂಳೆ ಕೂಡಿದ ಮೇಲೂ ಕುಂಟು ಏಕೆ ಎಂಬುದನ್ನು ಆಪರೇಷನ್ ಮಾಡಿದವರಿಗೇ, ಸಮಾಧಾನವಾಗದಿದ್ದರೆ 1958ರಿಂದ ಇರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ತೋರಿಸಿ ಕೇಳಿ. ಒಳಗಿನ ಪ್ಲೇಟೋ ಸ್ಕ್ರೂವೋ ಸಡಿಲವಾಗಿದ್ದರೆ ಎಷ್ಟು ಭುಜ ನೀವಿದರೂ ಅಷ್ಟೆ.

ಮಾಲೀಸು ಮುಂದುವರಿಸುವುದಾದರೆ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಜಾರದ ನೆಲದ ಮೇಲೆ ನಾಯಿ ನಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಡಿ. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ. ಆರು ವಾರ ಕಳೆದ ಮೇಲೆ ತಾರೀಖು ಕಾಣದಂತೆ ಕಲಸಿ, ನಾಯಿಯನ್ನು ನೋಡಿಲ್ಲದ ಪಶುವೈದ್ಯರೊಬ್ಬರಿಗೆ ತೋರಿಸಿ, ಯಾವುದು ಮೊದಲಿನದು ಯಾವುದು ಕೊನೆಯದು ಎಂದು ಜೋಡಿಸಲು ಹೇಳಿ. ಅವರು ಸರಿಯಾಗಿ ಜೋಡಿಸಿದರೆ ನಾಯಿಯ ನಡಿಗೆ ನಿಜಕ್ಕೂ ಬದಲಾಗಿದೆ. ಅದು ಮಾಲೀಸಿನಿಂದಲೋ, ಚಾಪೆಯಿಂದಲೋ, ಬರೀ ಆರು ವಾರ ಕಳೆದದ್ದರಿಂದಲೋ ಎಂದು ಮಾತ್ರ ಮಾಲೀಸಿನವರನ್ನು ಕೇಳಬೇಡಿ.