ಹುಲ್ಲು ಕತ್ತರಿಸುವ ಯಂತ್ರ: ಆರೈಕೆ ಮತ್ತು ದೋಷಪರೀಕ್ಷೆ



1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಈ ಯಂತ್ರಕ್ಕೆ ಪೇಟೆಂಟ್ ಪಡೆದನು. ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗನ್ನು ಸವರುತ್ತಿದ್ದ ಯಂತ್ರವೇ ಅವನಿಗೆ ಪ್ರೇರಣೆ. ಪೆಟ್ರೋಲಿನಿಂದ ನಡೆಯುವ ವೃತ್ತಿಪರ ಯಂತ್ರದ ಆರೈಕೆಯೇ ಇಂದಿನ ವಿಷಯ.

ಮೊದಲ ಮಾತು ಸುರಕ್ಷತೆಯದು. ಎಂಜಿನ್ನಿಗೆ ನೇರವಾಗಿ ಜೋಡಿಸಿದ ಅಲಗನ್ನು ಕೈಯಿಂದ ತಿರುಗಿಸಿದರೆ ನಿಂತ ಎಂಜಿನ್ ಸಹ ಹೊತ್ತಿಕೊಳ್ಳಬಹುದು; ಬೆರಳುಗಳೇ ಹೋದಾವು. ಆದುದರಿಂದ ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚದೆ ಅಲಗನ್ನು ಮುಟ್ಟಕೂಡದು.

ಎಂಜಿನ್ನಿಗೆ ಬೇಕಾದುವು ಇಂಧನ, ಗಾಳಿ, ಕಿಡಿ. ಅದು ಹೊತ್ತದಿದ್ದರೆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ಒಣಗಿದ್ದರೆ ಇಂಧನ ತಲಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯ ಮೇಲೆ ಸಂಶಯ. ಕರಿಹಿಡಿದಿದ್ದರೆ ಗಾಳಿಯ ಫಿಲ್ಟರ್ ಕಟ್ಟಿರಬಹುದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಅಂಟಾಗುತ್ತದೆ. ಎಥನಾಲ್ ಬೆರೆತಿದ್ದರೆ ತೇವವನ್ನೂ ಹೀರುತ್ತದೆ. ಚಳಿಗಾಲಕ್ಕೆ ಮುನ್ನ ಟ್ಯಾಂಕನ್ನು ಬರಿದು ಮಾಡುವುದು ಲೇಸು.

ಹುಲ್ಲಿನ ತುದಿ ಹರಿದು ಕಂದಿದರೆ ಅಲಗು ಮೊಂಡಾಗಿದೆಯೆಂದೇ ಅರ್ಥ. ಹರಿತಗೊಳಿಸಿದ ಅಲಗನ್ನು ಅದರ ನಡುವಣ ರಂಧ್ರದಿಂದ ಮೊಳೆಗೆ ತೂಗುಹಾಕಿರಿ. ಬಾಗಿದ ಬದಿ ಭಾರವಾದುದು, ಅದನ್ನೇ ಇನ್ನಷ್ಟು ಅರದಿಂದ ಉಜ್ಜಬೇಕು. ಸಮತೂಕ ತಪ್ಪಿದ ಅಲಗಿನ ನಡುಕ ಬೇರಿಂಗನ್ನು ಸವೆಸುತ್ತದೆ.

ತಳ್ಳುವ ಯಂತ್ರಕ್ಕೆ 12, ಕುಳಿತು ನಡೆಸುವುದಕ್ಕೆ 16 ವರ್ಷ ತುಂಬಿರಲಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಬೇಸಿಗೆಯಲ್ಲಿ ನೆರೆಮನೆಯ ಹುಲ್ಲು ಕತ್ತರಿಸಿ ಕೈಖರ್ಚು ಗಳಿಸುವ ನಮ್ಮ ಮಕ್ಕಳಿಗೆ ಮೊದಲು ಆ ತಂತಿಯ ಪಾಠವನ್ನು ಕಲಿಸೋಣ.